ಮಿರಜಕ್ಕ ಬರೂದಿದ್ರ ಬರ್ರಿ, ಆದ್ರ...

ಹೋದ ವಾರ ಜತ್ತ ತಾಲೂಕಿನಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ನನಗಿಂತ ಚಿಕ್ಕವರು, ಕನ್ನಡ ಶಾಲೆಯ ಶಿಕ್ಷಕರೇ. "ಸರ್, ಮನಿ ಮಿರಜಕ್ಕ ಮಾಡಬೇಕಂತೀನಿ. ಊರು ಹ್ಯಾಂಗೈತ್ರಿ? ಗುಡ್ಡ, ಕಾಡು ಎಲ್ಲಾ ಹತ್ರ ಅಂತಲ್ಲ, ಹುಡುಗರಿಗೆ ಸೂಟಿಯೊಳಗ ತೋರಸಬಹುದು ಅಂತಾಳ ನಮ್ಮಾಕಿ" ಅಂದರು. ಚಲೋ ಐತಿ ಬರ್ರಿ ಎಂದು ಫೋನ್ ಇಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವೇ ಇಲ್ಲ. ಹೇಳಬೇಕಾದದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದು.

ನಾವು ಮಿರಜಕ್ಕೆ ಬಂದದ್ದು ಗುಡ್ಡ ನೋಡಲಿಕ್ಕೆ ಅಲ್ಲ, ನೀರಿಗೆ. 2016ರ ಏಪ್ರಿಲ್‌ನಲ್ಲಿ ಮಿರಜ ಜಂಕ್ಷನ್ನಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು, ನೆನಪಿರಬೇಕು. ಮೊದಲ ಗಾಡಿಗೆ ಹತ್ತು ಟ್ಯಾಂಕರ್, ಒಂದೊಂದರಲ್ಲಿ 50,000 ಲೀಟರ್. ಟಿವಿಯಲ್ಲಿ ಅದನ್ನು ತೋರಿಸುತ್ತಿದ್ದಾಗ ನಮ್ಮ ಓಣಿಗೆ ಟ್ಯಾಂಕರ್ ಬಂದು ಐದು ದಿನವಾಗಿತ್ತು. ನನ್ನ ಹೆಂಡತಿ ಖಾಲಿ ಕೊಡ ಕೆಳಗಿಟ್ಟು, "ಮಂದಿಗೆ ರೈಲು ತುಂಬಿ ನೀರು ಕೊಡೂ ಊರು ನಮ್ಮ ಜಿಲ್ಲಾದಾಗ ಐತಿ, ನಾವು ಇಲ್ಲಿ ಪಾಳಿ ಹಚ್ಚೀವಿ" ಅಂದಳು. ಆ ಮಾತು ಎರಡು ವರ್ಷ ಮನೆಯಲ್ಲಿ ಸುತ್ತಾಡಿತು. 2018ರ ಜೂನ್‌ನಲ್ಲಿ ಸಾಮಾನು ಟೆಂಪೋಕ್ಕೆ ಹೇರಿಯೇಬಿಟ್ಟೆವು.

ಊರಿನ ಬಗ್ಗೆ ದೂರು ಹೇಳಲಾರೆ. ನಲ್ಲಿ ತಿರುವಿದರೆ ಕೃಷ್ಣೆ. 1894ರಲ್ಲಿ ಡಾ. ವಾನ್‌ಲೆಸ್ ಮಿಷನ್ ಆಸ್ಪತ್ರೆ ಸುರು ಮಾಡಿದ ಕಾಲದಿಂದ ಗಡಿಯಾಚೆಯ ನಮ್ಮ ಮಂದಿ ಔಷಧಕ್ಕೆ ಇಲ್ಲಿಗೇ ಬರುತ್ತಾರೆ, ಹೀಗಾಗಿ ದವಾಖಾನೆ ಓಣಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಸಂಜೆ ದರ್ಗಾದ ಕಡೆ ಹೋದರೆ ಸಿತಾರ್, ತಂಬೂರಿ ಮಾಡುವವರ ಅಂಗಡಿಗಳು. ಆ ದರ್ಗಾದ ಆವರಣದಲ್ಲೇ ಅಬ್ದುಲ್ ಕರೀಮ್ ಖಾನರ ಸಮಾಧಿ ಇದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು.

ಇನ್ನು ಗುಡ್ಡ. ಮಿರಜದ ಅಟ್ಟದ ಮೇಲೆ ನಿಂತರೆ ಸಹ್ಯಾದ್ರಿ ಕಾಣುತ್ತದೆ ಅಂದುಕೊಂಡಿದ್ದರೆ ಅದನ್ನು ಬಿಡಿ! ಕಾಣುವುದು ಕಬ್ಬು. ಸಮೀಪದಲ್ಲಿ ಇರುವುದು ದಂಡೋಬಾ ಗುಡ್ಡ, ಗುಹೆಯೊಳಗೆ ಮಹಾದೇವ. ಶ್ರಾವಣದಲ್ಲಿ ಹತ್ತಲಿಕ್ಕೆ ಚಲೋ. ನಿಜವಾದ ಕಾಡು ಬೇಕಾದರೆ ಪಶ್ಚಿಮಕ್ಕೆ ಶಿರಾಳಾ ದಾಟಿ ಚಾಂದೋಲಿಗೆ ಹೋಗಬೇಕು. 2004ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ಕೊಯ್ನಾ ಅಭಯಾರಣ್ಯದ ಜೊತೆ ಸೇರಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಒಂದೇ ಜಿಲ್ಲೆ ನೋಡಿ, ಪೂರ್ವದ ಜತ್ತದಲ್ಲಿ ಮಳೆಗೆ ಬಾಯಿ ಬಿಡುವುದು, ಪಶ್ಚಿಮದ ಚಾಂದೋಲಿಯಲ್ಲಿ ಜುಲೈ ಪೂರ್ತಿ ಕೊಡೆ ಮಡಿಚುವ ಹಾಗಿಲ್ಲ. ಆ ಮಳೆ ಅಲ್ಲೇ ನಿಲ್ಲುವುದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಕೊಯ್ನಾ, ವಾರಣಾ ಎರಡೂ ತುಂಬಿ ಬಂದು ಸಾಂಗಲಿಯ ಅಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆ 57 ಅಡಿ ದಾಟಿದಳು. ನೀರಿಗಾಗಿ ಊರು ಬಿಟ್ಟು ಬಂದವರು ನಾವು, ನೀರು ಇಳಿಯಲೆಂದು ದೇವರಿಗೆ ಕಾಯಿ ಒಡೆದೆವು. ಬಾಡಿಗೆ ಮನೆ ಹುಡುಕುವಾಗ ಕೃಷ್ಣಾ ಘಾಟಿನ ಕಡೆ ಅಗ್ಗ ಸಿಕ್ಕಿತೆಂದು ಹಿಗ್ಗಬೇಡಿ.

ಕಾಡಿನ ಪ್ರಾಣಿಗಳೂ ದಾರಿ ತಪ್ಪುತ್ತವೆ. 2021ರ ಡಿಸೆಂಬರ್‌ನಲ್ಲಿ ಒಂದು ಕಾಡುಕೋಣ ಸಾಂಗಲಿಯ ಮಾರ್ಕೆಟ್ ಯಾರ್ಡಿಗೇ ಬಂದು ನಿಂತಿತ್ತು! ಅರಣ್ಯ ಇಲಾಖೆಯವರು ಅದನ್ನು ಹಿಡಿದು ಮರಳಿ ಕಾಡಿಗೆ ಬಿಟ್ಟರು. ಕಾಡಿಗಾಗಿ, ವಾರಣಾ ಧರಣಕ್ಕಾಗಿ ಚಾಂದೋಲಿಯ ಹಳ್ಳಿಗಳಿಂದ ಎಬ್ಬಿಸಿದ ಮನುಷ್ಯರಿಗೆ ಮಾತ್ರ ಮರಳಿ ಹೋಗುವ ದಾರಿ ಇಲ್ಲ. ಅವರು ಇನ್ನೂ ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳ ವಸಾಹತುಗಳಲ್ಲಿದ್ದಾರೆ. ನಮ್ಮದು ಅಂಥ ಸ್ಥಳಾಂತರ ಅಲ್ಲ, ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಏನಾದರೂ ಕಳೆದುಕೊಂಡರೆ ನಮ್ಮ ಕೈಯಿಂದಲೇ.

ಕಳೆದುಕೊಳ್ಳುತ್ತಿದ್ದುದು ಏನು ಎಂದು ನನಗೆ ಗೊತ್ತಾದದ್ದು ಸಾಗರೇಶ್ವರದಲ್ಲಿ. 2019ರ ಜನವರಿ, ಶಾಲೆಯ ಸಹಲು. ಬೋಳು ಗುಡ್ಡದ ಮೇಲೆ ಮನುಷ್ಯರೇ ಗಿಡ ನೆಟ್ಟು ಬೆಳೆಸಿದ ಅಭಯಾರಣ್ಯ ಅದು, ಹತ್ತು ಚದರ ಕಿಲೋಮೀಟರಿಗಿಂತ ಸ್ವಲ್ಪ ದೊಡ್ಡದು. ನಾನು ಕಲಿಸುವುದು ಗಡಿಹಳ್ಳಿಯ ಕನ್ನಡ ಶಾಲೆಯಲ್ಲಿ, ಮಗಳನ್ನು ಹಾಕಿದ್ದು ಪೇಟೆಯ ಒಂದು ಇಂಗ್ಲಿಷ್ ಶಾಲೆಯ ಸಣ್ಣ ವರ್ಗಕ್ಕೆ. ಅವಳನ್ನೂ ಸಹಲಿಗೆ ಕರೆದುಕೊಂಡು ಹೋಗಿದ್ದೆ. ಪೊದೆಯ ಹಿಂದೆ ಏನೋ ಅಲುಗಾಡಿತು. "ಪಪ್ಪಾ, ಡೀರ್!" ಎಂದು ಕೂಗಿದಳು. ನಮ್ಮ ಮೂರನೇ ಇಯತ್ತೆಯ ಹುಡುಗನೊಬ್ಬ, "ಏ ತಂಗಿ, ಡೀರ್ ಅಲ್ಲ ಅದು, ಚಿಗರಿ" ಅಂದ. ಹುಡುಗರೆಲ್ಲ ನಕ್ಕರು. ಖರೆ ಹೇಳಬೇಕೆಂದರೆ ಅದು ಚಿಗರಿಯೂ ಅಲ್ಲ, ಚುಕ್ಕೆ ಜಿಂಕೆ. ಆದರೆ ಅವನ ಹತ್ತಿರ ಅವನ ಅಜ್ಜ ಕೊಟ್ಟ ಒಂದು ಹೆಸರಿತ್ತು. ಮಗಳು ನನ್ನ ಮುಖ ನೋಡಿದಳು. ಅವಳಿಗೆ ಆ ಶಬ್ದವೇ ಗೊತ್ತಿರಲಿಲ್ಲ.

ಸಹಲಿನಿಂದ ಮರಳಿದ ರಾತ್ರಿ ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಪಾಲಕರೊಬ್ಬರು ಸಹಜವಾಗಿ ಕೇಳಿದರು, "ಗುರುಜಿ, ನಿಮ್ಮ ಮಗಳು ನಮ್ಮ ಶಾಳಾಕ್ಕ ಬರೂದಿಲ್ಲೇನ್ರಿ?" ಕುಹಕವಿರಲಿಲ್ಲ. ಪ್ರತಿ ಜೂನ್ ನಾನು ಅವರ ಮನೆಮನೆಗೆ ಹೋಗಿ, ಕನ್ನಡ ಶಾಲೆಗೆ ಹಾಕಿರಿ, ಪಟಸಂಖ್ಯೆ ಇಳಿದರೆ ಶಾಲೆ ಉಳಿಯುವುದಿಲ್ಲ ಎಂದು ಕೈಮುಗಿಯುವವನು. ಉತ್ತರ ಕೊಡದೆ ಗಾಡಿಗೆ ಕಿಕ್ ಹೊಡೆದೆ.

ಆ ಜೂನ್‌ನಲ್ಲಿ ಮಗಳನ್ನು ನಮ್ಮ ಶಾಲೆಯ ಒಂದನೇ ಇಯತ್ತೆಗೆ ಸೇರಿಸಿದೆ. ಹೆಂಡತಿ ಎಂಟು ದಿನ ಮಾತು ಬಿಟ್ಟಳು. "ಇದಕ್ಕ ಮಿರಜಕ್ಕ ಬಂದ್ವಿ? ಪ್ಯಾಟಿಯಿಂದ ತಿರುಗಿ ಹಳ್ಳಿಗೆ?" ಎಂದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಏಳನೆಯ ಇಯತ್ತೆ ಆದ ಮೇಲೆ ಏನು ಎಂಬ ಪ್ರಶ್ನೆಗೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ. ಕಾಗವಾಡದ ಕಡೆ ಗಡಿ ದಾಟಿಸಬೇಕೋ, ಇಲ್ಲೇ ಮರಾಠಿಗೆ ಬದಲಿಸಬೇಕೋ ಎಂದು ಮನೆಯಲ್ಲಿ ಎಷ್ಟು ಸಲ ಜಗಳವಾಗಿದೆಯೋ! ಬಾಲಭಾರತಿಯ ಕನ್ನಡ ಪುಸ್ತಕ ಓದಿ ಮರಾಠಿ ಊರಿನಲ್ಲಿ ನೌಕರಿ ಹುಡುಕಬೇಕಾದ ಮಗುವಿನ ತಂದೆಗೆ ಬರೀ ಅಭಿಮಾನ ಸಾಲದು, ಅದೂ ಗೊತ್ತು. ಆದರೂ ದಿನಾ ಹದಿನಾಲ್ಕು ಕಿಲೋಮೀಟರ್ ಗಾಡಿಯ ಹಿಂದೆ ಕೂತು, ಕಬ್ಬಿನ ಗದ್ದೆಯಲ್ಲಿ ಕಂಡದ್ದನ್ನೆಲ್ಲ ಹೆಸರು ಹೇಳುತ್ತಾ ಬರುತ್ತಿದ್ದಳಲ್ಲ, ಬೆಳವ, ಗೊರವಂಕ, ಟಿಟ್ಟಿಭ... ಆ ದಾರಿ ನನಗೆ ದಂಡವೆನ್ನಿಸಿಲ್ಲ.

ಆದ್ದರಿಂದ ಸರ್, ಬರ್ರಿ. ದಂಡೋಬಾಕ್ಕೆ ನಾನೇ ಕರೆದೊಯ್ಯುತ್ತೇನೆ, ಚಾಂದೋಲಿಗೆ ಬೇಸಿಗೆಯಲ್ಲಿ ಕೂಡಿ ಹೋಗೋಣ. ಆದರೆ ಮನೆ ನೋಡುವ ಮೊದಲು ನಿಮ್ಮ ಸಣ್ಣ ಹುಡುಗ ಎಲ್ಲಿ ಕಲಿಯುತ್ತಾನೆ ಎಂದು ಗಂಡ-ಹೆಂಡತಿ ಕೂತು ಮಾತಾಡಿಕೊಳ್ಳಿ. ನಮ್ಮ ಒಂದನೇ ಇಯತ್ತೆಯಲ್ಲಿ ಈಗ ಏಳು ಮಕ್ಕಳಿದ್ದಾರೆ. ಅವನು ಬಂದರೆ ಎಂಟು.