ಆದಿತ್ಯವಾರದ ಆಟಿಕೆ

ಬ್ಯಾಂಕಿನಿಂದ ನಿವೃತ್ತನಾಗಿ ಮಂಗಳೂರಿನ ಮನೆಯಲ್ಲಿ ಕೂತವನಿಗೆ ಸಿಗುವ ಹುದ್ದೆಗಳು ಸಾಮಾನ್ಯವಾಗಿ ಎರಡು: ಹಾಲು ತರುವುದು, ಕರೆಂಟು ಬಿಲ್ಲು ಕಟ್ಟುವುದು. ನನಗೆ ಮೂರನೆಯದೂ ಸಿಕ್ಕಿತು. ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿಗೆ ನಾನು ಮಾಸ್ಟ್ರು. 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹಿಡಿಯುವುದೇ ಆರನೇ ವಯಸ್ಸಿನಿಂದ. ಅದಕ್ಕಿಂತ ಮೊದಲಿನ ಕಾಲದ ಮೇಲೆ ಯಾರ ಹಾಜರಿಪುಸ್ತಕವೂ ಇಲ್ಲ. ಸೊಸೆ ಅದನ್ನೇ ಹಿಡಿದಳು. “ಮಾವ, ಅಲ್ಲಿವರೆಗೆ ಮನೆಯಲ್ಲೇ ಕಲಿಯಲಿ. ನಮ್ಮ ಪ್ರಾರ್ಥನೆ, ನಮ್ಮ ಕತೆ, ನಮ್ಮ ಭಾಷೆ ಮೊದಲು ಬರಲಿ” ಎಂದಳು. ಮಗ ಹೂಂ ಎಂದ. ಸಂಬಳದ ಮಾತು ಯಾರೂ ಎತ್ತಲಿಲ್ಲ.

ಮರುದಿನ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿತು. ಪ್ರಾರ್ಥನೆ, ಬಾಯಿಪಾಠದ ವಚನ, ಅಕ್ಷರ, ಅಂಕಿ, ಬಣ್ಣ. ಒಂದೊಂದರ ಮುಂದೆ ಟಿಕ್ ಹಾಕಲು ಚೌಕ. ಲೆಡ್ಜರು ನೋಡಿದ ಕಣ್ಣಿಗೆ ಬಹಳ ಹಿತವಾಗಿತ್ತು. ಪುಟ್ಟಿಗೆ ಮಾತ್ರ ಆಗಲಿಲ್ಲ. ‘ಅ’ ಬರೆಸಲು ಸ್ಲೇಟು ತೆಗೆದರೆ ಹೊಟ್ಟೆನೋವು, ವಚನಕ್ಕೆ ಕೂರಿಸಿದರೆ ಉಚ್ಚೆ, ಅಂಕಿಗೆ ನಿದ್ದೆ. ಯಾವ ಪಾಠಕ್ಕೆ ಯಾವ ಕಾಯಿಲೆ ಎಂದು ಅವಳದ್ದೇ ಒಂದು ವೇಳಾಪಟ್ಟಿ ತಯಾರಾಗಿತ್ತು.

ಅಷ್ಟರಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಂದ ಮಗ ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿ ಒಂದು ಚೀಲ ಮರದ ಪ್ರಾಣಿ ತಂದ. ಆಲೆ ಮರವನ್ನು ಲೇತಿಗೆ ಕೊಟ್ಟು ಕಡೆದು, ಗಿರ್ರೆನ್ನುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಲೇತಿನ ಕೂಸುಗಳಾದ್ದರಿಂದ ಎಲ್ಲವೂ ಗುಂಡಗೆ. ಆನೆಗೂ ಹಂದಿಗೂ ಸೊಂಡಿಲಿನಷ್ಟೇ ವ್ಯತ್ಯಾಸ. ಪುಟ್ಟಿ ಅವನ್ನು ಜೋಡಿ ಜೋಡಿಯಾಗಿ ಜಗಲಿಯಲ್ಲಿ ಸಾಲು ನಿಲ್ಲಿಸಿ, “ಅಜ್ಜ, ಇವರೆಲ್ಲ ನೋಹಜ್ಜನ ದೋಣಿಗೆ ಹೋಗುವವರು” ಎಂದು ಘೋಷಿಸಿದಳು. ಫ್ರಿಜ್ಜಿನ ಮೇಲಿನ ಪಟ್ಟಿಗೆ ಅಂದಿನಿಂದ ಟಿಕ್ ಬಿದ್ದಿಲ್ಲ.

ಜಲಪ್ರಳಯದಿಂದ ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ಉಳಿಸಿದ ಬೈಬಲಿನ ನೋಹನ ನಾವೆಯ ಆಟಿಕೆಗೆ ಒಂದು ಸ್ವಾರಸ್ಯದ ಚರಿತ್ರೆ ಉಂಟು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಭಕ್ತಿವಂತ ಮನೆಗಳಲ್ಲಿ ಆದಿತ್ಯವಾರ ಬಂತೆಂದರೆ ಬುಗುರಿ, ಬೊಂಬೆ, ಸೈನಿಕರೆಲ್ಲ ಕಪಾಟಿನೊಳಗೆ. ಮಕ್ಕಳು ಚರ್ಚಿಗೆ ಹೋಗಿ ಬಂದು ಮೈ ಕೈ ಅಲುಗಿಸದೆ ಕೂರಬೇಕು. ಆದರೆ ಒಂದು ಆಟಿಕೆಗೆ ಮಾತ್ರ ರಿಯಾಯಿತಿ: ನಾವೆ. ಅದು ಬೈಬಲಿನದ್ದಲ್ಲವೇ! ನನ್ನ ಅಪ್ಪನ ಆದಿತ್ಯವಾರವೂ ಇದೇ ಬಿಗಿಯದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಬಿಟ್ಟುಹೋದದ್ದು ಅಚ್ಚುಕೂಟ, ಮಗ್ಗ, ಹೆಂಚಿನ ಕಾರ್ಖಾನೆ ಮಾತ್ರವಲ್ಲ, ಈ ಆದಿತ್ಯವಾರವೂ ಹೌದು. ಆ ದಿನ ಗೋಲಿ ಮುಟ್ಟಿದರೆ ಕಿವಿ ಕೆಂಪಾಗುತ್ತಿತ್ತು. ಸಂಡೇ ಸ್ಕೂಲಿನಲ್ಲಿ ಕೊಡುವ ಬಣ್ಣದ ಚಿತ್ರದ ಕಾರ್ಡುಗಳನ್ನು ನಾವು ಮೇಲ್ನೋಟಕ್ಕೆ ಧ್ಯಾನಿಸುತ್ತ, ಮೇಜಿನಡಿಯಲ್ಲಿ ಇಸ್ಪೀಟಿನಂತೆ ಹಂಚುತ್ತಿದ್ದೆವು.

ಆ ನಾವೆಗಳಲ್ಲಿ ಬಹಳಷ್ಟು ತಯಾರಾಗುತ್ತಿದ್ದುದು ಜರ್ಮನಿಯ ಸ್ಯಾಕ್ಸನಿಯಲ್ಲಿ, ಬೊಹೀಮಿಯಾದ ಗಡಿಗೆ ತಾಗಿದ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನ ಸೈಫೆನ್ ಎಂಬ ಹಳ್ಳಿಯ ಸುತ್ತ. ತವರದ ಗಣಿ ಬತ್ತಿದಾಗ ಅಲ್ಲಿಯವರು ಮರಕ್ಕೆ ತಿರುಗಿದರು. ಅವರ ಕೈಚಳಕ ಕೇಳಿದರೆ ನಮ್ಮ ಚನ್ನಪಟ್ಟಣದವರೂ ಹುಬ್ಬೇರಿಸಬೇಕು. ಒದ್ದೆ ಮರದ ಬಿಲ್ಲೆಯನ್ನು ಲೇತಿಗೆ ಹಾಕಿ ಉಳಿಯಿಂದ ಒಂದು ಬಳೆ ಕಡೆಯುತ್ತಾರೆ. ನೋಡಿದರೆ ಉಬ್ಬು ತಗ್ಗಿನ ಬರೀ ಮರದ ಬಳೆ. ಅದನ್ನು ಚಾಕುವಿಟ್ಟು ಕೊಡತಿಯಿಂದ ತಟ್ಟಿ ಸೀಳಿದರೆ, ಒಂದೊಂದು ಹೋಳಿನ ಅಡ್ಡಕೊಯ್ತದಲ್ಲೂ ಒಂದೊಂದು ಆನೆ! ಕಾಲು, ಹೊಟ್ಟೆ, ಬೆನ್ನು ಎಲ್ಲ ಸರಿಯಾಗಿ. ಕಡೆಯುತ್ತಿರುವಾಗ ಪ್ರಾಣಿ ಕಣ್ಣಿಗೆ ಬೀಳುವುದೇ ಇಲ್ಲ; ಅದು ಕಡೆಯುವವನ ಅಂದಾಜಿನೊಳಗೇ ಇರಬೇಕು. ಒಂದು ಬಳೆಯಿಂದ ಹತ್ತಾರು ಆನೆ, ಇನ್ನೊಂದರಿಂದ ಹತ್ತಾರು ಕುದುರೆ. ಮತ್ತೆ ಅವನ್ನು ಕೆತ್ತಿ ದುಂಡಗೆ ಮಾಡಿ, ಕಿವಿ ಬಾಲ ಅಂಟಿಸಿ, ಬಣ್ಣ ಬಳಿಯುವುದು ಮನೆಮಂದಿಯ ಕೆಲಸ. ಮಕ್ಕಳದ್ದೂ. ಲಂಡನ್ನಿನ ಮಕ್ಕಳ ಆದಿತ್ಯವಾರದ ಆಟ ಸೈಫೆನ್ನಿನ ಮಕ್ಕಳ ವಾರವಿಡೀ ದುಡಿಮೆಯಾಗಿತ್ತು ಎಂಬುದು ಆಟಿಕೆಯ ಚಂದದ ಪುಸ್ತಕಗಳಲ್ಲಿ ಮೂಲೆಗೆ ಸರಿದಿರುತ್ತದೆ.

ನನಗೆ ಮೋಜೆನಿಸುವುದು ಆ ರಿಯಾಯಿತಿ. ಅಂದಿನ ದೊಡ್ಡವರು ನಾವೆಯನ್ನು ಪಾಠವೆಂದು ಕೊಟ್ಟರು, ಮಕ್ಕಳು ಅದರೊಳಗೆ ಆಟವನ್ನು ಕದ್ದು ಸಾಗಿಸಿದರು. ಈಗ ವ್ಯಾಪಾರ ತಿರುವುಮುರುವು. ನಾವು ಆಟವೆಂದು ಕೊಡುತ್ತೇವೆ, ಒಳಗೆ ಪಾಠ ಕದ್ದಿಟ್ಟಿರುತ್ತೇವೆ. ಅಂಗಡಿಯಲ್ಲಿ ಯಾವ ಡಬ್ಬಿ ಎತ್ತಿದರೂ ಮೇಲೆ ‘ಬುದ್ಧಿ ಬೆಳೆಸುವ’ ಎಂಬ ಮುದ್ರೆ. ಕಳ್ಳಸಾಗಣೆ ಮಾಡುವುದೇ ಆದರೆ ಮಕ್ಕಳೇ ಮಾಡಲಿ ಎಂದು ನನ್ನ ಪಕ್ಷ. ನಮ್ಮ ಕಳ್ಳಮಾಲನ್ನು ಅವರು ಗೇಟಿನಲ್ಲೇ ಹಿಡಿಯುತ್ತಾರೆ. “ಎಷ್ಟು ಕುರಿ ಉಂಟು ಎಣಿಸುವ” ಎಂದು ನಾನು ಜೇನು ಬೆರೆಸಿದ ದನಿ ತೆಗೆದರೆ, “ಅಜ್ಜ, ನೀವು ಪಾಠ ಮಾಡ್ತಿದ್ದೀರಿ” ಎಂದು ಪುಟ್ಟಿ ತಪಾಸಣೆ ಮುಗಿಸುತ್ತಾಳೆ. ಅದೇ ಅವಳಷ್ಟಕ್ಕೆ ಬಿಟ್ಟರೆ ಆದಿಕಾಂಡದ ಏಳನೇ ಅಧ್ಯಾಯ ತಾನಾಗಿ ತೊಂದರೆ ಎಬ್ಬಿಸುತ್ತದೆ. ಶುದ್ಧ ಪ್ರಾಣಿಗಳು ಏಳೇಳು ಜೋಡಿ ಎಂದು ಅಲ್ಲಿ ಬರೆದಿದೆ. ಚನ್ನಪಟ್ಟಣದವರು ಕುರಿ ಕೊಟ್ಟದ್ದು ಒಂದೇ ಜೋಡಿ. ಉಳಿದದ್ದಕ್ಕೆ ಗೇರುಬೀಜ ಕುರಿಯಾಯಿತು. ಎಷ್ಟು ಕಡಿಮೆ ಬಿತ್ತು ಎಂದು ಎಣಿಸಿದ್ದು ಅವಳೇ. ಸಂಜೆಗೆ ನಾಲ್ಕು ಕುರಿ ತಿಂದದ್ದೂ ಅವಳೇ.

ನಾವೆಯ ಕಟ್ಟೋಣ ಇನ್ನೊಂದು ಕತೆ. ಮೊದಲನೆಯದು ಕ್ರಿಸ್ಮಸ್ ಕೇಕಿನ ರಟ್ಟಿನ ಪೆಟ್ಟಿಗೆ. ಬಚ್ಚಲಿನ ಬಾಲ್ದಿಯಲ್ಲಿ ತೇಲಿಬಿಟ್ಟದ್ದೇ ಜಲಪ್ರಳಯ ನೋಹನನ್ನೇ ನುಂಗಿತು. ಚಾರ್ಲ್ಸ್ ಡಿಕನ್ಸ್ 1850ರಲ್ಲಿ ಬರೆದ ಕ್ರಿಸ್ಮಸ್ ನೆನಪುಗಳಲ್ಲೂ ಇಂಥದ್ದೇ ಒಂದು ನಾವೆ ಬರುತ್ತದೆ: ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಅದು ತೇಲಲಿಲ್ಲವಂತೆ, ಪ್ರಾಣಿಗಳನ್ನು ಮಾಡಿನಿಂದಲೇ ಒಳಕ್ಕೆ ತುರುಕಬೇಕಿತ್ತಂತೆ. ನಮ್ಮ ಎರಡನೆಯ ನಾವೆ ಅಡಿಕೆ ಹಾಳೆಯದು. ಎರಡೂ ತುದಿ ಮಡಚಿ ಕಡ್ಡಿ ಚುಚ್ಚಿದರೆ ದೋಣಿ ತಯಾರು. ಕರಾವಳಿಯ ಸರಕು, ಆನೆ ಸಮೇತ ತೇಲಿತು. ಒಳಗೂ ಹೊರಗೂ ರಾಳ ಬಳಿಯಬೇಕೆಂದು ದೇವರು ಹೇಳಿದ್ದನ್ನು ಪುಟ್ಟಿ ತೆಂಗಿನೆಣ್ಣೆಯಿಂದ ಪೂರೈಸಿದಳು. ಆ ಎಣ್ಣೆಯ ಲೆಕ್ಕ ನನ್ನ ಹೆಂಡತಿಗೆ ಇನ್ನೂ ಒಪ್ಪಿಸಿಲ್ಲ.

ನೋಹನ ನಾವೆಯ ಅಳತೆ ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ. ಮೊಳ ಅಂದರೆ ಎಷ್ಟು? ಮೊಣಕೈಯಿಂದ ನಡುಬೆರಳ ತುದಿ. ಅವಳು ಜಗಲಿಯ ಮೇಲೆ ಬೋರಲು ಬಿದ್ದು ಕೈಯಿಟ್ಟು ಅಳೆಯುತ್ತ ಹೊರಟಳು. ಇಪ್ಪತ್ತರ ಮೇಲೆ ಅಂಕಿ ಬಾರದ್ದರಿಂದ ಪ್ರತಿ ಇಪ್ಪತ್ತಕ್ಕೆ ಒಂದು ಗೇರುಬೀಜ ಇಟ್ಟು ಮತ್ತೆ ಒಂದರಿಂದ ಶುರು. ಅದೇ ಜಗಲಿಯನ್ನು ನನ್ನ ಕೈಯಲ್ಲಿ ಅಳೆದಾಗ ಲೆಕ್ಕ ಕಡಿಮೆ ಬಂತು. “ಅಜ್ಜ, ನಿಮ್ಮದು ತಪ್ಪು” ಎಂದಳು. ದೇವರು ನೋಹನಿಗೆ ಹೇಳಿದ್ದು ಯಾರ ಕೈಯ ಮೊಳ ಎಂಬ ವ್ಯಾಜ್ಯ ಊಟದ ಹೊತ್ತಿನವರೆಗೆ ನಡೆದು, ನೋಹನ ಕೈಯದ್ದೇ ಎಂದು ಅಜ್ಜಿ ತೀರ್ಪು ಕೊಟ್ಟಳು.

ಅಕ್ಷರ ಬಂದದ್ದು ಕಾಗೆಯ ಮೂಲಕ. ನಾವೆಯಿಂದ ಮೊದಲು ಹಾರಿದ್ದು ಪಾರಿವಾಳವಲ್ಲ, ಕಾಗೆ. ಚೀಲದಲ್ಲಿ ಕಾಗೆ ಇರಲಿಲ್ಲ. ರಟ್ಟಿನಲ್ಲಿ ಕತ್ತರಿಸಿ ಮಸಿ ಬಳಿದು ಬೆನ್ನಿಗೆ ‘ಕಾ’ ಬರೆದೆವು. ಹೀಗೆ ಮಾಡಿದವರಲ್ಲಿ ನಾವೇ ಮೊದಲಿಗರಲ್ಲ. ಮೊರೇವಿಯಾದ ಬಿಷಪ್ ಕೊಮೀನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಅಚ್ಚು ಹಾಕಿಸಿದ. ಅದರ ಅಕ್ಷರಮಾಲೆ ಶುರುವಾಗುವುದೇ ಕೂಗುವ ಕಾಗೆಯಿಂದ. ಮುಂದೆ ಕುರಿಮರಿ ಬ್ಯಾ ಎನ್ನುತ್ತದೆ, ಹೆಬ್ಬಾತು ಗ ಗ ಎನ್ನುತ್ತದೆ. ಆರು ವರ್ಷದವರೆಗೆ ತಾಯಿಯ ಮಡಿಲೇ ಶಾಲೆ ಎಂದು ಬೇರೊಂದು ಪುಸ್ತಕವನ್ನೇ ಬರೆದವನು ಅವನು. ಧರ್ಮದ ಜಗಳದಲ್ಲಿ ದೇಶ ಬಿಟ್ಟು, 1656ರಲ್ಲಿ ಪೋಲೆಂಡಿನ ಲೆಶ್ನೋ ಊರಿಗೆ ಬೆಂಕಿ ಬಿದ್ದಾಗ ಹಸ್ತಪ್ರತಿಗಳನ್ನೂ ಕಳೆದುಕೊಂಡು, ಎರಡೇ ವರ್ಷದಲ್ಲಿ ಆ ಮನುಷ್ಯ ಮಕ್ಕಳ ಮುಂದೆ ಕೂತು ಕಾ ಕಾ ಅಂದ ಎಂಬುದಕ್ಕೆ ನಾನು ಅವನಿಗೆ ದೊಡ್ಡ ನಮಸ್ಕಾರ ಹಾಕುತ್ತೇನೆ.

ಮೊನ್ನೆ ಪ್ರಾರ್ಥನೆ ಮುಗಿದ ಮೇಲೆ ಪುಟ್ಟಿ ಕೇಳಿದಳು.

“ಅಜ್ಜ, ಮೀನು ಎಂತಕ್ಕೆ ದೋಣಿಯಲ್ಲಿ ಇಲ್ಲ?”

“ಅದಕ್ಕೆ ಈಜು ಬರ್ತದಲ್ಲ ಮಗಾ.”

“ಮತ್ತೆ ನೋಹಜ್ಜ ಎಲ್ಲರಿಗೂ ಈಜು ಕಲಿಸಬಹುದಿತ್ತಲ್ಲ?”

“ನಲವತ್ತು ಹಗಲು ನಲವತ್ತು ರಾತ್ರಿ ಮಳೆ. ಅಷ್ಟು ಹೊತ್ತು ಯಾರು ಈಜುವುದು?”

“ಆನೆಗೆ ಹೊಟ್ಟೆನೋವು ಅಂತ ಹೇಳಿದರೆ ಬಿಡ್ತಿದ್ರಾ?”

ಇದಕ್ಕೆ ಉತ್ತರ ಮುಂದಿನ ಆದಿತ್ಯವಾರ ಸಭಾಪಾಲಕರೇ ಕೊಡಲಿ ಎಂದು ಅವರಿಗೆ ಫೋನು ಮಾಡಿ ತಿಳಿಸಿದ್ದೇನೆ.