ಸವಕಲು ಸಿಂಹ

ಕೇಳಿ ಕೇಳಿ ಬೇಜಾರಾದ ಮಾತಿಗೆ ನಮ್ಮಲ್ಲಿ ‘ಸವಕಲು ನಾಣ್ಯ’ ಅಂತೀವಿ. ನಾನು ಅಂಥ ಸವಕಲು ನಾಣ್ಯಗಳನ್ನೇ ದುಡ್ಡು ಕೊಟ್ಟು ಕೊಳ್ಳೋ ಆಸಾಮಿ.

ಕೆಲಸಕ್ಕೆಂದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ಗೆ ಬಂದು ನಾಲ್ಕು ವರ್ಷವಾಯ್ತು. ಹಗಲೆಲ್ಲ ಪೇಮೆಂಟ್ ಆ್ಯಪ್‌ಗೆ ಕೋಡ್ ಬರೀತೀನಿ. ಅಲ್ಲಿ ದುಡ್ಡು ಅಂದ್ರೆ ಸರ್ವರ್‌ನಲ್ಲಿ ಬದಲಾಗೋ ಒಂದು ಅಂಕಿ, ಅಷ್ಟೇ. ಅದಕ್ಕೇ ಇರಬೇಕು, ಅಂಗೈಯಲ್ಲಿ ಭಾರ ಅನ್ನಿಸೋ ದುಡ್ಡಿನ ಮೇಲೆ ನನಗೆ ಮೋಹ. ನನ್ನ ಸಂಗ್ರಹ ಆರೇ ನಾಣ್ಯದ್ದು. ಆರೂ ಒಂದೇ ಜಾತಿ: ಲೇಯುವೆನ್‌ಡಾಲ್ಡರ್, ಅಂದ್ರೆ ಸಿಂಹದ ಡಾಲರ್.

ಸ್ಪೇನ್ ದೊರೆಯ ವಿರುದ್ಧ ದಂಗೆಯೆದ್ದಿದ್ದ ಹಾಲೆಂಡ್ ಪ್ರಾಂತ್ಯ 1575ರಲ್ಲಿ ಇದನ್ನು ಮೊದಲು ಟಂಕಿಸಿತು. ಆಮೇಲೆ ಉಟ್ರೆಕ್ಟ್ ಸೇರಿ ಬೇರೆ ಪ್ರಾಂತ್ಯಗಳೂ ಟಂಕಿಸಿದವು. ಒಂದು ಬದಿಯಲ್ಲಿ ಗುರಾಣಿಯ ಹಿಂದೆ ನಿಂತ ಯೋಧ, ಇನ್ನೊಂದು ಬದಿಯಲ್ಲಿ ಹಿಂಗಾಲ ಮೇಲೆದ್ದ ಸಿಂಹ. ತೂಕ ಸುಮಾರು 27.7 ಗ್ರಾಂ. ಅದರಲ್ಲಿ ಬೆಳ್ಳಿ ಮುಕ್ಕಾಲು ಪಾಲು, ಉಳಿದದ್ದು ತಾಮ್ರ. ಆ ಕಾಲದ ಬೇರೆ ದೊಡ್ಡ ನಾಣ್ಯಗಳಲ್ಲಿ ಇದಕ್ಕಿಂತ ಒಳ್ಳೆ ಬೆಳ್ಳಿ ಇರುತ್ತಿತ್ತು. ಡಚ್ ವ್ಯಾಪಾರಿಗಳು ಪಕ್ಕಾ ಲೆಕ್ಕದವರು. ಈ ಸಿಂಹವನ್ನ ಹಡಗು ಹತ್ತಿಸಿ ತುರ್ಕರ ಸಾಮ್ರಾಜ್ಯದ ಪೇಟೆಗಳಿಗೆ ಕಳಿಸಿದರು. ಅಲ್ಲಿ ಇದು ಎಷ್ಟು ಓಡಾಡಿತು ಅಂದ್ರೆ, ರೊಮೇನಿಯಾದವರು ಇವತ್ತಿಗೂ ತಮ್ಮ ಹಣವನ್ನು ‘ಲೆಯು’ ಅಂತಾರೆ. ಹಾಗಂದ್ರೆ ಸಿಂಹ. ಅರಬ್ಬರು ಮಾತ್ರ ಇದಕ್ಕೆ ‘ಅಬು ಕಲ್ಬ್’ ಅಂದರು, ನಾಯಿಯಪ್ಪ! ಅಚ್ಚು ಅಷ್ಟು ಒರಟು. ಒಂದಿಷ್ಟು ಸವೆದರೆ ಸಿಂಹದ ಜೂಲು ಹೋಗಿ ಬೀದಿನಾಯಿಯೇ ಉಳಿಯುತ್ತೆ.

ನಕಲಿಯೂ ಸಿಗುತ್ತೆ. ಕೊಳ್ಳುವವರಿಗೆ ನನ್ನದೊಂದು ಅಡುಗೆಮನೆ ಉಪಾಯ: ನೀರಿನ ಲೋಟವನ್ನು ಸಣ್ಣ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿ. 27 ಗ್ರಾಂ ನಾಣ್ಯಕ್ಕೆ ತಕ್ಕಡಿ ಹೆಚ್ಚುಕಡಿಮೆ 2.7 ತೋರಿಸಬೇಕು. ಬೆಳ್ಳಿ ಲೇಪಿಸಿದ ಹಿತ್ತಾಳೆಯಾದರೆ 3 ದಾಟುತ್ತೆ. ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಇದೆಯಾ, ಅದನ್ನೂ ನೋಡಿ.

ಈ ವರ್ಷ ಮೈಸೂರಿನ ಮನೆ ಸಾಲದ ಕಂತು ಏರಿತು. ‘ಬೆಳ್ಳಿ ರೇಟು ಗಗನಕ್ಕೇರಿದೆ ಕಣೋ, ಕೊಟ್ಬಿಡು’ ಅಂತ ಅಪ್ಪ ಫೋನಲ್ಲಿ ಹೇಳಿದರು. ಆರನ್ನೂ ಕರಗಿಸಿದರೆ ಸಿಗೋದು 120 ಗ್ರಾಂ ಬೆಳ್ಳಿ ಅಪ್ಪಾ, ಕಂತಿಗೂ ಸಾಲಲ್ಲ ಅಂದೆ. ಆದರೆ ನಾಣ್ಯವಾಗಿ ಮಾರಿದರೆ ಮಾತೇ ಬೇರೆ. ಹೆಂಡತಿ ಅದನ್ನ ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ಡಬ್ಬಿ ತಂದು ಮೇಜಿನ ಮೇಲಿಟ್ಟಳು.

ಸಿಂಹದ ಉಗುರು ಕೂಡ ಎಣಿಸಬಹುದಾದ ಐದನ್ನು ಒಯ್ದು ಮಾರಿದೆ. ಅವು ಯಾರದೋ ತಿಜೋರಿಯಲ್ಲೇ ಕಾಲ ಕಳೆದಿರಬೇಕು. ಆರನೆಯದು ನಾಯಿಯಪ್ಪ. ಅದರ ಅಂಚಿಗೆ ಯಾರೋ ಉಳಿಯಿಂದ ಕಚ್ಚು ಹಾಕಿದ್ದಾರೆ, ಒಳಗೂ ಬೆಳ್ಳಿನೇ ಇದೆಯಾ ಅಂತ ನೋಡೋಕೆ. ನಾನು ಆಫೀಸಲ್ಲಿ ದಿನಾ ಬರೆಯೋ ವೆರಿಫಿಕೇಶನ್ ಕೋಡ್‌ನ ಕೆಲಸವೂ ಅದೇ ತಾನೇ! ಆ ಕಚ್ಚಿನ ಮೇಲೆ ಹೆಬ್ಬೆರಳಾಡಿಸೋದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಅಂಗಡಿಯವನು ಅದಕ್ಕೆ ಹೇಳಿದ ಬೆಲೆ ಕೇಳಿ ಹೆಂಡತಿಯೇ ಅಂದಳು, ‘ಇದನ್ನ ನೀವೇ ಇಟ್ಕೊಳ್ರೀ.’