ಲಕ್ಷದ ಲೆಕ್ಕ

ಲಕ್ಷದ್ವೀಪವೆಂಬ ಹೆಸರನ್ನು ನಂಬಿ ಎಣಿಸಹೊರಟರೆ ಸಿಕ್ಕುವ ದ್ವೀಪಗಳು ೩೬, ಜನವಸತಿಯುಳ್ಳವು ಹತ್ತೇ! ಹಿಂದಿನವರಿಗೆ ‘ಲಕ್ಷ’ವೆಂಬುದು ಲೆಕ್ಕಕ್ಕಿಂತ ಹೆಚ್ಚಾಗಿ ಬೆರಗಿನ ಮಾತಾಗಿದ್ದಿರಬೇಕು. ಪರಂಗಿಯವರ ನಾಲಗೆಯಲ್ಲಿ ಅದೇ ‘ಲಕ್ಕದೀವ್’ ಆಯಿತು. ೧೯೫೬ರಲ್ಲಿ ಕೇಂದ್ರಾಡಳಿತ ಪ್ರದೇಶವಾದಾಗ ಅದಕ್ಕಿಟ್ಟ ಹೆಸರು ‘ಲಕ್ಕದೀವ್, ಮಿನಿಕಾಯ್ ಮತ್ತು ಅಮಿನದೀವಿ ದ್ವೀಪಗಳು’.

ಈ ಮೂರನೆಯ ಹೆಸರು ನಮಗೆ ಅನ್ಯವಲ್ಲ, ವಾಚಕರೇ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಗಳ ಈ ಗುಂಪು ೧೭೮೭ರಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದಿಂದ ಟಿಪ್ಪುವಿನ ಕೈಸೇರಿತು. ೧೭೯೯ರಲ್ಲಿ ಆತನು ಮಡಿದ ಮೇಲೆ ಆಂಗ್ಲರ ವಶವಾಗಿ, ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ದ್ವೀಪದವರು ತಂದ ತೆಂಗಿನ ನಾರಿನ ಹುರಿಗೆ ಮಂಗಳೂರಿನಲ್ಲಿ ಸರಕಾರವು ಅಕ್ಕಿಯನ್ನು ಅಳೆದು ಕೊಡುತ್ತಿದ್ದ ಕಾಲವದು.

೧೯೭೩ರಲ್ಲಿ ಮೂರು ಹೆಸರುಗಳೂ ಹೋಗಿ ‘ಲಕ್ಷದ್ವೀಪ’ವೊಂದೇ ಉಳಿಯಿತು. ಭಾಷೆಯ ಅಧ್ಯಾಪಕನಾಗಿ ನನಗೆ ಸಂತೋಷವೇ. ಆದರೆ ಅಮಿನದೀವಿಯೆಂದರೆ ನನ್ನ ತರಗತಿಯ ಮಂಗಳೂರಿನ ಹುಡುಗನೂ ಈಗ ಹುಬ್ಬೇರಿಸುತ್ತಾನೆ.